ಎಲ್‌ಆರ್‌ಎ ಕೇಸುಗಳು: ಒಂಗ್ವೆನ್ ಮೇಲೆ ‘ಅಪಹರಣ’ದ ಆರೋಪವೇ ಇಲ್ಲ, ಯಾಕೆ?

ಕರಿಕೋಟು:
ಉಗಾಂಡಾದ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ (ಎಲ್‌ಆರ್‌ಎ) ಬಂಡಾಯದ ಎರಡು ಮೊಕದ್ದಮೆ ಓದ್ತಾ ಇದ್ದೀನಿ. ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನಲ್ಲಿ ಡೊಮಿನಿಕ್ ಒಂಗ್ವೆನ್ ಮೇಲೆ 70 ಆರೋಪ, 61 ಸಾಬೀತು. ಅಷ್ಟರಲ್ಲಿ ‘ಅಪಹರಣ’ ಅನ್ನೋ ಹೆಸರಿನದು ಒಂದೂ ಇಲ್ಲ. ಉಗಾಂಡಾದಲ್ಲೇ ನಡೆದ ಥಾಮಸ್ ಕ್ವೊಯೆಲೊ ಕೇಸಿನಲ್ಲಿ ಅದು ಇದೆ. ಒಂದೇ ಪಡೆಯ ಕಮಾಂಡರ್‌ಗಳಿಗೆ ಎರಡು ಥರ ಯಾಕೆ? ಇಬ್ಬರೂ ಹುಡುಗರಿದ್ದಾಗ ತಾವೇ ಅಪಹರಣಕ್ಕೆ ಸಿಕ್ಕವರು, ಅದು ಲೆಕ್ಕಕ್ಕೆ ಬರಲಿಲ್ವಾ?

ದಫ್ತರ:
ರೋಮ್ ಶಾಸನದಲ್ಲಿ, ಅಂದ್ರೆ ಹೇಗ್ ಕೋರ್ಟನ್ನು ಸ್ಥಾಪಿಸಿದ ಒಪ್ಪಂದದಲ್ಲಿ, ಆ ಹೆಸರಿನ ಅಪರಾಧವೇ ಇಲ್ಲ. ಹತ್ತಿರದ್ದು ‘ಒತ್ತೆಯಾಳಾಗಿ ಹಿಡಿಯೋದು’. ಆದರೆ ಅದಕ್ಕೆ ಮೂರನೆಯವರನ್ನು ಬಗ್ಗಿಸುವ ಉದ್ದೇಶ ತೋರಿಸಬೇಕು. ಎಲ್‌ಆರ್‌ಎ ಹಿಡಿದೊಯ್ದ ಜನರನ್ನು ಮುಂದಿಟ್ಟು ಯಾರ ಹತ್ತಿರವೂ ಬೇಡಿಕೆ ಇಡ್ತಿರಲಿಲ್ಲ, ತನ್ನ ಕೆಲಸಕ್ಕೇ ಇಟ್ಕೊಳ್ತಿತ್ತು.

ಹಾಗಾಗಿ ಪ್ರಾಸಿಕ್ಯೂಷನ್ ಹಿಡಿದೊಯ್ದ ನಂತರದ್ದನ್ನು ಬಿಡಿಸಿ ಬಿಡಿಸಿ ಹೊರಿಸಿತು. ಲೂಟಿ ಮಾಲು ಹೊರಿಸಿದ್ದು ಗುಲಾಮಗಿರಿ. 15 ವರ್ಷದೊಳಗಿನವರನ್ನು ಯುದ್ಧಕ್ಕೆ ಬಳಸಿದ್ದು ಬಾಲಸೈನಿಕರ ನೇಮಕ. ಹುಡುಗಿಯರನ್ನು ಹಂಚಿದ್ದು ಬಲವಂತದ ಮದುವೆ, ಲೈಂಗಿಕ ಗುಲಾಮಗಿರಿ. ನನ್ನ ಪ್ರಕಾರ ಇದು ಹೆಚ್ಚು ಗಟ್ಟಿ ದಾರಿ. ಅಪಹರಣ ಅಂದ್ರೆ ಎಳೆದೊಯ್ದ ಆ ದಿನ ಮುಖ್ಯ. ಗುಲಾಮಗಿರಿ ಅಂದ್ರೆ ಕಾವಲು, ದುಡಿಮೆ, ಓಡಿದರೆ ಕೊಲ್ತೀವಿ ಅನ್ನೋ ಬೆದರಿಕೆ, ಆಮೇಲಿನ ವರ್ಷಗಳೆಲ್ಲ ಸಾಕ್ಷ್ಯವಾಗುತ್ತೆ.

ಕಷ್ಟ ಎಲ್ಲಿ ಅಂದ್ರೆ, ಕಾಡಿನಲ್ಲಿದ್ದ ಕಮಾಂಡರ್‌ಗೂ ನಿರಾಶ್ರಿತರ ಶಿಬಿರದ ಮೇಲಿನ ದಾಳಿಗೂ ನಂಟು ತೋರಿಸೋದು. ಇಲ್ಲಿ ಎಲ್‌ಆರ್‌ಎ ರೇಡಿಯೊ ಮಾತುಕತೆಯನ್ನು ಉಗಾಂಡಾ ಸೇನೆ, ಪೊಲೀಸರು ಕದ್ದಾಲಿಸಿ ಬರೆದಿಟ್ಟ ಲಾಗ್‌ಬುಕ್ಕುಗಳು, ಟೇಪುಗಳು ಕೈಹಿಡಿದವು. ಜೊತೆಗೆ ಒಂಗ್ವೆನ್‌ನ ‘ಹೆಂಡತಿಯರು’ ಅನ್ನಿಸಿಕೊಂಡಿದ್ದ ಏಳು ಮಹಿಳೆಯರ ಸಾಕ್ಷ್ಯವನ್ನು, ಪಾಟೀಸವಾಲಿನ ಸಮೇತ, ವಿಚಾರಣೆಗೆ ಮೊದಲೇ 2015ರಲ್ಲಿ ದಾಖಲಿಸಿಕೊಂಡಿದ್ದರು (ರೋಮ್ ಶಾಸನದ 56ನೇ ವಿಧಿ). ಆಮೇಲೆ ಅವರ ಮೇಲೆ ಒತ್ತಡ ಬಂದರೂ ಹೇಳಿಕೆ ಕೈತಪ್ಪಲ್ಲ.

ಪಾಟೀಸವಾಲು:
ಕ್ವೊಯೆಲೊ ಕಡೆಗೆ ಬರೋಣ. ರೋಮ್ ಶಾಸನವನ್ನು ಒಳಗೊಂಡ ಉಗಾಂಡಾ ಕಾಯ್ದೆ ಬಂದದ್ದು 2010ರಲ್ಲಿ, ಅವನು ಕಾಂಗೋದ ಗರಾಂಬಾದಲ್ಲಿ ಸಿಕ್ಕಿದ್ದೇ 2009ರಲ್ಲಿ. ಹಿಂದಿನ ಕೃತ್ಯಕ್ಕೆ ಹೊಸ ಕಾಯ್ದೆ ಹಚ್ಚುವಂತಿಲ್ಲ. ಯುದ್ಧದ ನಿಯಮ ಹೇಳುವ ಜಿನೀವಾ ಒಪ್ಪಂದಗಳ ‘ಘೋರ ಉಲ್ಲಂಘನೆ’ ಅಂತರರಾಷ್ಟ್ರೀಯ ಯುದ್ಧಕ್ಕೆ ಸೇರಿದ್ದು, ಒಳಬಂಡಾಯಕ್ಕೆ ಹೊಂದಿಸೋದು ಕಷ್ಟ. ಅದಕ್ಕೇ ಉಗಾಂಡಾ ದಂಡಸಂಹಿತೆಯ ಆರೋಪಗಳೂ ಪರ್ಯಾಯವಾಗಿ ಸೇರಿದವು. ಅದರಲ್ಲಿ ಒಂದು ಕಲಂ 243 (ಆಗಿನ ಸಂಖ್ಯೆ), ಕೊಲ್ಲುವ ಉದ್ದೇಶದ ಅಪಹರಣ. ಎಡವೋದು ‘ಉದ್ದೇಶ’ದಲ್ಲಿ: ಹಿಡಿದೊಯ್ಯುವಾಗಲೇ ಆ ಉದ್ದೇಶ ಇತ್ತು ಅಂತ ತೋರಿಸಬೇಕು, ಆಮೇಲೆ ಕೊಂದರು ಅನ್ನೋದಷ್ಟೇ ಸಾಲದು.

ಅದಕ್ಕಿಂತ ದೊಡ್ಡ ಗೋಡೆ 2000ದ ಕ್ಷಮಾದಾನ ಕಾಯ್ದೆ. ಸಾವಿರಾರು ಬಂಡುಕೋರರಿಗೆ ಸಿಕ್ಕ ಕ್ಷಮೆ ಇವನಿಗ್ಯಾಕಿಲ್ಲ ಅಂತ 2011ರಲ್ಲಿ ಸಾಂವಿಧಾನಿಕ ನ್ಯಾಯಾಲಯ ವಿಚಾರಣೆ ನಿಲ್ಲಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ನಾಗರಿಕರ ಮೇಲಿನ ಘೋರ ಅಪರಾಧಗಳನ್ನು ಬಂಡಾಯದ ಭಾಗ ಅಂತ ಕ್ಷಮಿಸೋಕಾಗಲ್ಲ ಅಂದಿತು. ತೀರ್ಪು ಬರೋ ಹೊತ್ತಿಗೆ 2024ರ ಆಗಸ್ಟ್.

ಅಡಿಟಿಪ್ಪಣಿ:
ಬಾಲ್ಯದ ಪ್ರಶ್ನೆಗೆ: ದೋಷ ತೀರ್ಮಾನಿಸುವಾಗ ಅದು ಉಳಿಸಲಿಲ್ಲ, ಶಿಕ್ಷೆ ಅಳೆಯುವಾಗ ಬಂತು. ಒಂಗ್ವೆನ್ ವಕೀಲರು ರೋಮ್ ಶಾಸನದ 31ನೇ ವಿಧಿಯಡಿ ಬಲವಂತ, ಮನೋರೋಗ ಎರಡನ್ನೂ ಮುಂದಿಟ್ಟರು. ಆರೋಪದ ಅವಧಿ 2002ರ ಜುಲೈನಿಂದ 2005ರ ಡಿಸೆಂಬರ್. ಆಗ ಅವನು ವಯಸ್ಕ, ಪಡೆಯ ದೊಡ್ಡ ಕಮಾಂಡರ್. ಬಲವಂತ ಅನ್ನಬೇಕಾದ್ರೆ ಜೀವಬೆದರಿಕೆ ಆ ಕೃತ್ಯದ ಹೊತ್ತಿಗೇ ಇರಬೇಕು, ಒಂಬತ್ತು ವರ್ಷದವನಿದ್ದಾಗ ಇದ್ದದ್ದು ಸಾಲದು. ಎರಡೂ ವಾದ ಬಿದ್ದುಹೋದವು. ಆದರೆ ಜೀವಾವಧಿ ಬದಲು 25 ವರ್ಷ ಕೊಟ್ಟದ್ದಕ್ಕೆ ಬಾಲ್ಯವೂ ಕಾರಣ. ಕ್ವೊಯೆಲೊಗೂ ಹಾಗೇ: ಗಲ್ಲು ತಪ್ಪಿ 40 ವರ್ಷ, ಅದರಲ್ಲಿ ಬಂಧನದಲ್ಲಿ ಕಳೆದ 15 ವರ್ಷ ವಜಾ.

ಅಂದಹಾಗೆ, ಕ್ವೊಯೆಲೊ ಮೇಲಿನ 78 ಆರೋಪಗಳಲ್ಲಿ 44 ಸಾಬೀತು ಅಂದ ಕೂಡಲೇ ಉಳಿದ 34ರಲ್ಲೂ ಖುಲಾಸೆ ಅಂದುಕೋಬೇಡಿ. ಖುಲಾಸೆ ಮೂರರಲ್ಲಿ ಮಾತ್ರ. ಬಾಕಿ 31 ಪರ್ಯಾಯ ಆರೋಪಗಳು; ಮುಖ್ಯ ಆರೋಪ ನಿಂತ ಮೇಲೆ ಅವನ್ನು ಕೈಬಿಟ್ಟರು.