ಅಪ್‌ಡೇಟ್: ಟ್ರಕ್‌ನ ಸಸ್ಪೆನ್ಷನ್ ಆರ್ಮ್ ಈಗ ಮುರಿಯುತ್ತಿಲ್ಲ

ಹನ್ನೆರಡು ದಿನಗಳ ಹಿಂದೆ ನೆರವು ಕೇಳಿದ್ದೆ. 1:10 ಅಳತೆಯ ರಿಮೋಟ್ ಟ್ರಕ್‌ಗೆ ಕ್ಯಾಡ್‌ನಲ್ಲಿ (ಕಂಪ್ಯೂಟರ್ ವಿನ್ಯಾಸ ತಂತ್ರಾಂಶ) ನಾನೇ ವಿನ್ಯಾಸ ಮಾಡಿ ತ್ರೀಡಿ ಪ್ರಿಂಟ್ ತೆಗೆದ ಮುಂದಿನ ಕೆಳ ಆರ್ಮ್ (ಚಕ್ರವನ್ನು ಟ್ರಕ್‌ನ ಚೌಕಟ್ಟಿಗೆ ಜೋಡಿಸುವ ತೋಳು), ಕಂಪ್ಯೂಟರಿನ ಬಲಪರೀಕ್ಷೆಯಾದ ಸಿಮ್ಯುಲೇಶನ್‌ನಲ್ಲಿ ಗಟ್ಟಿ ಎಂದು ಕಂಡರೂ, ಜಿಗಿದು ಇಳಿದಾಗಲೆಲ್ಲ ಪಿನ್ನಿನ ರಂಧ್ರದ ಬಳಿಯೇ ಮುರಿಯುತ್ತಿತ್ತು. ಈಗ ಕಾರಣ ಸಿಕ್ಕಿದೆ.

ಮೊದಲು ದಪ್ಪವನ್ನು 5 ಮಿ.ಮೀ.ನಿಂದ 7ಕ್ಕೆ ಏರಿಸಿದೆ. ತೂಕ ಹೆಚ್ಚಿತು, ಅದೇ ಜಾಗದಲ್ಲಿ ಮುರಿಯಿತು. ಇನ್‌ಫಿಲ್, ಅಂದರೆ ಪ್ರಿಂಟ್‌ನ ಒಳಭಾಗ, ಪೂರ್ತಿ ತುಂಬಿಸಿದ್ದೂ ಅಷ್ಟೇ.

ಫಲ ಕೊಟ್ಟಿದ್ದು ‘ಮುರಿದ ಮುಖವನ್ನು ಮೊದಲು ನೋಡಿ’ ಎಂದವರ ಸಲಹೆ. ಅವರಿಗೆ ಮನಸಾರೆ ಧನ್ಯವಾದ. ತುಂಡನ್ನು ಬೆಳಕಿಗೆ ಹಿಡಿದರೆ ಆ ಜಾಗ ಚಾಕುವಿನಿಂದ ಕೊಯ್ದಂತೆ ನಯವಾಗಿತ್ತು. ಪದರದಿಂದ ಪದರ ಕಳಚಿಕೊಂಡಿತ್ತು. ನಾನು ಆರ್ಮನ್ನು ನೆಟ್ಟಗೆ ನಿಲ್ಲಿಸಿ ಪ್ರಿಂಟ್ ಮಾಡುತ್ತಿದ್ದೆ, ಹಾಗಾಗಿ ಪೆಟ್ಟೆಲ್ಲ ಪದರಗಳ ನಡುವಿನ ದುರ್ಬಲ ಅಂಟಿನ ಮೇಲೆಯೇ ಬೀಳುತ್ತಿತ್ತು. ಸಿಮ್ಯುಲೇಶನ್ ಮಾತ್ರ ಪ್ಲಾಸ್ಟಿಕ್‌ಗೆ ಎಲ್ಲ ದಿಕ್ಕಿನಲ್ಲೂ ಒಂದೇ ಬಲವಿದೆ ಎಂದು ಲೆಕ್ಕ ಹಾಕುತ್ತಿತ್ತು. ಪದರಗಳು ಉದ್ದಕ್ಕೂ ಹರಿಯುವಂತೆ ಮಲಗಿಸಿ ಪ್ರಿಂಟ್ ಮಾಡಿದೆ, ರಂಧ್ರದ ಬಳಿಯ ಚೂಪಾದ ಒಳಮೂಲೆಗೆ 3 ಮಿ.ಮೀ. ತ್ರಿಜ್ಯದ ಫಿಲೆಟ್ (ದುಂಡಗಿನ ತಿರುವು) ಕೊಟ್ಟೆ. ದಪ್ಪ ಮತ್ತೆ 5 ಮಿ.ಮೀ. ಮೂವತ್ತಕ್ಕೂ ಹೆಚ್ಚು ಜಿಗಿತಗಳಾದವು, ಕೂದಲೆಳೆಯಷ್ಟೂ ಬಿರುಕಿಲ್ಲ.

ನನಗೆ ನಿಜಕ್ಕೂ ಅಚ್ಚರಿಯಾದದ್ದು ಇದು: ಚೂಪಾದ ಒಳಮೂಲೆಯಲ್ಲಿ ಮೆಶ್ (ಸಿಮ್ಯುಲೇಶನ್ ಲೆಕ್ಕಕ್ಕಾಗಿ ಭಾಗವನ್ನು ತುಣುಕುಗಳಾಗಿ ಒಡೆಯುವ ಬಲೆ) ಸಣ್ಣದಾಗಿಸಿದಷ್ಟೂ ಒತ್ತಡದ ಅಂಕಿ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ನಾನು ಒರಟು ಮೆಶ್‌ನ ಅಂಕಿಯನ್ನು ನಂಬಿ ಕುಳಿತಿದ್ದೆ. ಫಿಲೆಟ್ ಬಂದ ಮೇಲೆಯೇ ಅದು ಒಂದು ಕಡೆ ನೆಲೆ ನಿಂತದ್ದು. ಹೊರೆಯಾಗಿ ಟ್ರಕ್ ಸುಮ್ಮನೆ ನಿಂತಾಗಿನ ತೂಕವನ್ನಷ್ಟೇ ಕೊಟ್ಟಿದ್ದೂ ತಪ್ಪು. ನೆಲಕ್ಕೆ ಬೀಳುವಾಗಿನ ಪೆಟ್ಟು ಅದರ ಹಲವು ಪಟ್ಟು. ಹಿಂದಿನ ಆರ್ಮ್‌ಗಳನ್ನು ಈ ವಾರ ಇದೇ ರೀತಿ ಬದಲಿಸುತ್ತಿದ್ದೇನೆ.