ಮಗಳಿಗೆ ಕಣ್ಣಿನ ಕ್ಯಾನ್ಸರ್ ಆಗಿತ್ತು: ಹುಟ್ಟಲಿರುವ ಮಗುವಿಗೆ ಯಾವ ತಪಾಸಣೆ ಬೇಕು?

ಪ್ರಶ್ನೆ (ತಂದೆ, ಹಾವೇರಿ)

ಫ್ಲ್ಯಾಶ್ ಹಾಕಿ ತೆಗೆದ ಫೋಟೋಗಳಲ್ಲಿ ಮಗಳ ಎಡಗಣ್ಣಿನ ಪಾಪೆ ಬೆಳ್ಳಗೆ ಹೊಳೆಯುವುದನ್ನು ನನ್ನ ಹೆಂಡತಿ ಗಮನಿಸಿದಾಗ ಮಗುವಿಗೆ ಒಂದೂವರೆ ವರ್ಷ. ರೆಟಿನೊಬ್ಲಾಸ್ಟೋಮಾ ಎಂದು ತಿಳಿಯುವಷ್ಟರಲ್ಲಿ ಗಡ್ಡೆ ಬಹಳ ಬೆಳೆದಿತ್ತಾದ್ದರಿಂದ ಆ ಕಣ್ಣನ್ನು ತೆಗೆಯಬೇಕಾಯಿತು. ಬಲಗಣ್ಣಿಗೆ ಏನೂ ಆಗಿಲ್ಲ. ಎರಡೂ ಕಡೆಯ ಕುಟುಂಬದಲ್ಲಿ ಈ ಕಾಯಿಲೆ ಯಾರಿಗೂ ಇರಲಿಲ್ಲ. ನಾನು ಅಕ್ಕನ ಮಗಳನ್ನೇ ಮದುವೆಯಾದವನು, ಸಂಬಂಧದಲ್ಲಿ ಮದುವೆಯಾದದ್ದೇ ಇದಕ್ಕೆ ಕಾರಣವೆಂದು ಹಿರಿಯರು ಆಡುವ ಮಾತಿನಿಂದ ಅವಳು ಕುಗ್ಗಿಹೋಗಿದ್ದಾಳೆ. ಈಗ ಅವಳು ಆರು ತಿಂಗಳ ಗರ್ಭಿಣಿ. ಜೀನ್ ಪರೀಕ್ಷೆಯನ್ನು ನಾವಿಬ್ಬರೂ ಮಾಡಿಸಿಕೊಳ್ಳಬೇಕೇ, ಮಗಳಿಗೆ ಮಾಡಿಸಬೇಕೇ?

ಉತ್ತರ 1 (ಜೆನೆಟಿಕ್ ಕೌನ್ಸೆಲರ್, ಬೆಂಗಳೂರು)

ಸರ್, ಮೊದಲು ಮದುವೆಯ ಮಾತು. ತಾಯಿ ತಂದೆ ಇಬ್ಬರಿಂದಲೂ ಒಂದೇ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳ ಸಾಧ್ಯತೆಯನ್ನು ರಕ್ತಸಂಬಂಧದ ಮದುವೆ ಹೆಚ್ಚಿಸುತ್ತದೆ, ಆದರೆ ರೆಟಿನೊಬ್ಲಾಸ್ಟೋಮಾ ಆ ಗುಂಪಿಗೆ ಸೇರಿದ್ದಲ್ಲ. ಹದಿಮೂರನೆಯ ಕ್ರೋಮೋಸೋಮಿನಲ್ಲಿರುವ ಆರ್‌ಬಿ1 ಜೀನಿನ ಎರಡು ಪ್ರತಿಗಳೂ ಅಕ್ಷಿಪಟದ ಒಂದೇ ಕೋಶದಲ್ಲಿ ಕೆಟ್ಟಾಗ ಗಡ್ಡೆ ಹುಟ್ಟುತ್ತದೆ; ಈ ಎರಡು ಪೆಟ್ಟುಗಳ ವಿವರಣೆಯನ್ನು ಆಲ್ಫ್ರೆಡ್ ನಡ್ಸನ್ 1971ರಲ್ಲೇ ಕೊಟ್ಟರು. ನಿಮ್ಮ ಪತ್ನಿಯ ತಪ್ಪು ಇದರಲ್ಲಿ ಏನೇನೂ ಇಲ್ಲವೆಂದು ದಯವಿಟ್ಟು ಹಿರಿಯರ ಎದುರಿನಲ್ಲೇ ಹೇಳಿ.

ಎರಡೂ ಕಣ್ಣಿಗೆ ಬಂದಿದ್ದರೆ ಮೊದಲ ಪೆಟ್ಟು ಹುಟ್ಟಿನಿಂದಲೇ ಇತ್ತೆಂದು ತಿಳಿಯುತ್ತೇವೆ. ಒಂದೇ ಕಣ್ಣಿಗೆ ಬಂದು ಕುಟುಂಬದಲ್ಲಿ ಬೇರಾರಿಗೂ ಇಲ್ಲದಿದ್ದಾಗ ಸುಮಾರು ಶೇ. 15ರಷ್ಟು ಮಕ್ಕಳಲ್ಲಿ ಮಾತ್ರ ಹಾಗಿರುತ್ತದೆ. ಆದ್ದರಿಂದ ಪರೀಕ್ಷೆ ಮಗಳಿಂದಲೇ ಆರಂಭವಾಗಬೇಕು. ತೆಗೆದ ಕಣ್ಣಿನ ಗಡ್ಡೆಯ ತುಣುಕನ್ನು ಪೆಥಾಲಜಿ ವಿಭಾಗದವರು ಮೇಣದ ಬ್ಲಾಕಿನಲ್ಲಿ ಕಾಪಾಡಿಟ್ಟಿರುತ್ತಾರೆ. ಅದನ್ನು ಕೇಳಿ ಪಡೆದುಕೊಳ್ಳಿ. ಗಡ್ಡೆಯಲ್ಲಿರುವ ಎರಡು ದೋಷಗಳನ್ನು ಗುರುತಿಸಿ ಅವೇ ಮಗಳ ರಕ್ತದಲ್ಲಿವೆಯೇ ಎಂದು ಹುಡುಕಿದರೆ ಉತ್ತರ ಹೆಚ್ಚು ಖಚಿತವಾಗುತ್ತದೆ. ರಕ್ತದಲ್ಲಿ ಇಲ್ಲವೆಂದಾದರೆ ಹುಟ್ಟುವ ಮಗುವಿಗೆ ಪದೇ ಪದೇ ಕಣ್ಣಿನ ತಪಾಸಣೆ ಬೇಕಾಗುವುದಿಲ್ಲ. ಇದೆಯೆಂದಾದರೆ ನಿಮ್ಮಿಬ್ಬರ ರಕ್ತವನ್ನು ಪರೀಕ್ಷಿಸಬೇಕು; ನಿಮ್ಮಿಬ್ಬರಲ್ಲೂ ಕಾಣಿಸದಿದ್ದರೂ ಮಗುವಿನ ಪರೀಕ್ಷೆಯನ್ನು ಕೈಬಿಡಬಾರದು, ಏಕೆಂದರೆ ದೋಷವು ತಾಯಿ ತಂದೆಯ ಅಂಡ ಅಥವಾ ವೀರ್ಯದ ಕೆಲವೇ ಕೋಶಗಳಲ್ಲಿ ಅಡಗಿರುವುದುಂಟು.

ಉತ್ತರ 2 (ಶಾಲಾ ಶಿಕ್ಷಕಿ, ಶಿವಮೊಗ್ಗ)

ನನಗೆ ಮಗುವಾಗಿದ್ದಾಗ ಎರಡೂ ಕಣ್ಣಿಗೆ ಈ ಕಾಯಿಲೆ ಬಂದಿತ್ತು, ಈಗ ಒಂದೇ ಕಣ್ಣಿನಲ್ಲಿ ನೋಡುತ್ತೇನೆ. ನನ್ನಂಥವರ ಪ್ರತಿ ಮಗುವಿಗೂ ದೋಷ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಮಗ ಹುಟ್ಟಿದ ವಾರದಲ್ಲೇ ಪಾಪೆ ಅಗಲಿಸುವ ಹನಿ ಹಾಕಿ ನೋಡಿದರು, ಮುಂದೆ ಅರಿವಳಿಕೆ ಕೊಟ್ಟು ಪರೀಕ್ಷಿಸುತ್ತಿದ್ದಾಗ ಕಂಡ ಪುಟ್ಟ ಗಡ್ಡೆಯನ್ನು ಲೇಸರಿನಿಂದಲೇ ಸುಟ್ಟರು. ಅವನ ಎರಡೂ ಕಣ್ಣು ಉಳಿದಿವೆ. ರಕ್ತದಲ್ಲಿ ದೋಷವಿರುವವರಿಗೆ ಮುಂದೆ ಮೂಳೆಯ ಕ್ಯಾನ್ಸರಿನ ಅಪಾಯವೂ ಇರುವುದರಿಂದ, ಕಾಲುನೋವು ತಿಂಗಳುಗಟ್ಟಲೆ ಉಳಿದರೆ ಬೆಳೆಯುವ ನೋವೆಂದು ನಾವು ಸುಮ್ಮನಿರುವುದಿಲ್ಲ.

ಪ್ರಶ್ನಿಸಿದವರು

ಹೆರಿಗೆಯೊಳಗೆ ವರದಿ ಬಾರದಿದ್ದರೆ ಏನು ಮಾಡುವುದು?

ಉತ್ತರ 1

ದೋಷ ಇರಬಹುದೆಂದೇ ಎಣಿಸಿ ಮೊದಲ ವಾರದಲ್ಲೇ ಅಕ್ಷಿಪಟದ ತಜ್ಞರಿಂದ ಮಗುವಿನ ಕಣ್ಣು ನೋಡಿಸಿ, ವರದಿ ಬರುವವರೆಗೆ ಅವರು ಹೇಳಿದ ದಿನಗಳಂದು ತಪ್ಪದೆ ಕರೆದೊಯ್ಯಿರಿ. ಹೆರಿಗೆಯ ಸಮಯದಲ್ಲಿ ಹೊಕ್ಕುಳಬಳ್ಳಿಯ ರಕ್ತವನ್ನು ತೆಗೆದಿಡುವಂತೆ ಹೆರಿಗೆ ವೈದ್ಯರಿಗೆ ಈಗಲೇ ತಿಳಿಸಿಡಿ. ಮಗಳ ಫಲಿತಾಂಶ ಬಂದ ಕೂಡಲೇ ಅದರಲ್ಲೇ ಹುಡುಕಬಹುದು.