‘ಸುಸ್ಥಿರ’ ಅಂದ್ರೆ ಅಲುಗಾಡದ್ದಾ? ಶಾಲೆಯ ಪಾಠಕ್ಕೊಂದು ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಏಳನೇ ತರಗತಿಯ ಮಕ್ಕಳಿಗೆಂದು ಒಂದು ಪಾಠದ ಹಾಳೆ ಬರೆಯುತ್ತಿದ್ದೇನೆ. ವಿಷಯ ಮೀನುಗಾರಿಕೆ. ಹುಟ್ಟಿ ಬೆಳೆಯುವಷ್ಟೇ ಮೀನು ಹಿಡಿದರೆ ಮುಂದಿನ ವರ್ಷವೂ ಸಿಗುತ್ತದೆ, ಅದಕ್ಕಿಂತ ಜಾಸ್ತಿ ಬಾಚಿದರೆ ಸಮುದ್ರ ಬರಿದಾಗುತ್ತದೆ, ಇಷ್ಟೇ ಪಾಠ. ಇಂಗ್ಲಿಷಿನ ‘ಸಸ್ಟೈನಬಲ್’ಗೆ ಎಲ್ಲರೂ ಬರೆಯುವ ಹಾಗೆ ನಾನೂ ಸುಮ್ನೆ ‘ಸುಸ್ಥಿರ ಮೀನುಗಾರಿಕೆ’ ಅಂತ ಹಾಕಿದ್ದೆ. ಕರಡನ್ನು ನಾಲ್ಕೈದು ಮಕ್ಕಳ ಕೈಗೆ ಕೊಟ್ಟು, ಆ ಪದದ ಕೆಳಗೆ ಗೆರೆ ಎಳೆದು, ಅರ್ಥ ಬರೆಯಿರಿ ಅಂದೆ. ಒಬ್ಬಳು ಪೆನ್ಸಿಲ್ಲಿನಲ್ಲಿ ಬರೆದಿದ್ದಳು: ‘ದೋಣಿ ಅಲುಗಾಡದಂತೆ ನಿಲ್ಲಿಸಿಕೊಂಡು ಮೀನು ಹಿಡಿಯುವುದು.’

ನಗು ಬಂತು. ಆಮೇಲೆ ನೋಡಿದರೆ ಅವಳದೇನೂ ತಪ್ಪಿಲ್ಲ. ಸ್ಥಿರಾಸ್ತಿ, ಸ್ಥಿರ ದೂರವಾಣಿ, ಸ್ಥಿರ ಸರ್ಕಾರ, ಎಲ್ಲವೂ ಕದಲದೆ ಕೂತವು (ಕೊನೆಯದು ಹೆಸರಿಗಾದರೂ). ಅದಕ್ಕೊಂದು ‘ಸು’ ಅಂಟಿಸಿದರೆ ಇನ್ನೂ ಗಟ್ಟಿಯಾಗಿ ಕೂತಿದ್ದು ಅಂತ ತಾನೇ ಮಗು ತಿಳಿಯೋದು? ನಮಗೆ ಬೇಕಾದ ಅರ್ಥ ಬೇರೆ. ಬಳಸುತ್ತಲೂ ಇರಬೇಕು, ಬಳಸಿದಷ್ಟು ಮತ್ತೆ ತುಂಬಿಕೊಳ್ಳುತ್ತಲೂ ಇರಬೇಕು. ‘ಸುಸ್ಥಿರ ಅಭಿವೃದ್ಧಿ’ಯಲ್ಲಂತೂ ಮೊದಲ ಪದ ನಿಲ್ಲು ಅನ್ನುತ್ತದೆ, ಎರಡನೆಯದು ಬೆಳೆ ಅನ್ನುತ್ತದೆ.

ಈ ವಿಚಾರ ಪುಸ್ತಕಕ್ಕೆ ಬಂದದ್ದು ಕಾಡಿನ ಲೆಕ್ಕದಿಂದ. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬಾತ 1713ರಲ್ಲಿ ಮರ ಬೆಳೆಸುವುದರ ಬಗ್ಗೆ ಒಂದು ಪುಸ್ತಕ ಬರೆದ. ಬೆಳ್ಳಿ ಕರಗಿಸುವ ಕುಲುಮೆಗಳಿಗೆ ಸೌದೆ ಸಾಲದೆ ಬಂದಿತ್ತು. ಬೆಳೆದಷ್ಟೇ ಕಡಿಯಿರಿ ಅಂತ ಅವನ ವಾದ. ಅದಕ್ಕೆ ಅವನು ಬಳಸಿದ ಜರ್ಮನ್ ಪದವನ್ನು ಬಿಡಿಸಿದರೆ ‘ಆಮೇಲೆ’ ಮತ್ತು ‘ಹಿಡಿ’ ಎಂಬ ಎರಡು ತುಂಡು ಸಿಗುತ್ತವೆ. ನಮ್ಮ ‘ಮುಂದಕ್ಕೆ ಎತ್ತಿಡು’ ಇದಕ್ಕೆ ಎಷ್ಟು ಹತ್ತಿರ ಅಲ್ವಾ? ಪರಿಸರ ಮತ್ತು ಅಭಿವೃದ್ಧಿಯ ಬಗ್ಗೆ ವಿಶ್ವಸಂಸ್ಥೆ ರಚಿಸಿದ್ದ ಬ್ರುಂಟ್‌ಲಂಡ್ ಆಯೋಗದ 1987ರ ವರದಿ ಹೇಳಿದ್ದೂ ಅದನ್ನೇ: ಇಂದಿನವರ ಅಗತ್ಯ ಪೂರೈಸಬೇಕು, ಮುಂದಿನವರು ತಮ್ಮ ಅಗತ್ಯ ಪೂರೈಸಿಕೊಳ್ಳುವ ದಾರಿಗೆ ಕಲ್ಲು ಹಾಕಬಾರದು. ‘ಸ್ಥಿರ’ದಲ್ಲಿ ಈ ‘ಮುಂದಿನವರು’ ಎಲ್ಲೂ ಕಾಣುವುದಿಲ್ಲ.

ಬೇರೆ ಪದಗಳನ್ನೂ ತಡಕಾಡಿದೆ. ಯಂತ್ರಾನುವಾದದ ಪುಣ್ಯದಿಂದ ಈಗ ‘ಸಮರ್ಥನೀಯ’ ಎಲ್ಲೆಲ್ಲೂ ಹಬ್ಬಿದೆ. ‘ಸಮರ್ಥನೀಯ ಕೃಷಿ’ ಅಂತ ಓದಿದಾಗ, ಈ ಕೃಷಿಯ ಮೇಲೆ ಯಾರೋ ಕೇಸು ಹಾಕಿದ್ದಾರೆ, ಇವರು ವಕಾಲತ್ತು ವಹಿಸುತ್ತಿದ್ದಾರೆ ಅನ್ನಿಸುತ್ತದೆ. ವಾದವನ್ನು ಸಮರ್ಥಿಸಬಹುದು, ಕೃಷಿಯನ್ನು ಸಮರ್ಥಿಸಿ ಏನು ಮಾಡೋದು? ಇದನ್ನು ದಯವಿಟ್ಟು ಯಾರೂ ಬಳಸಬೇಡಿ.

‘ಬಾಳಿಕೆ’ ನನಗಿಷ್ಟವಾದ ಪದ. ಆದರೆ ಅದು ವಸ್ತುವಿಗೆ ಅಂಟಿಕೊಂಡಿದೆ. ಚಪ್ಪಲಿ ಬಾಳಿಕೆ ಬರುತ್ತದೆ, ಬಟ್ಟೆ ಬಾಳಿಕೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಬಾಳಿಕೆ ಬರೋದು ಪ್ಲಾಸ್ಟಿಕ್ಕು! ಪಾಠವೇ ತಲೆಕೆಳಗು. ‘ಹಿತಮಿತ’ ಎಲ್ಲರ ಬಾಯಲ್ಲಿದೆ. ಆದರೆ ಮಿತ ಅಂದರೆ ಎಷ್ಟು, ಯಾವುದಕ್ಕೆ ಹೋಲಿಸಿ ಅನ್ನೋದು ಅದರಲ್ಲಿಲ್ಲ.

‘ತೀರದ ಬಳಕೆ’ ಹೇಗೆ ಅಂತ ಒಂದು ದಿನವಿಡೀ ಖುಷಿಯಲ್ಲಿದ್ದೆ. ತೀರಿಹೋಗದ ಹಾಗೆ ಬಳಸುವುದು. ಹಾಳೆಯಲ್ಲಿ ‘ತೀರದ ಮೀನುಗಾರಿಕೆ’ ಅಂತ ಬರೆದು ನೋಡಿದ ಮೇಲೆ ಗೊತ್ತಾಯಿತು, ಅದು ದಡದಲ್ಲಿ ಮೀನು ಹಿಡಿಯೋದು!

ಸದ್ಯಕ್ಕೆ ಪಾಠದಲ್ಲಿ ‘ಇಡುಗಂಟು’ ತಂದಿದ್ದೇನೆ. ಸಮುದ್ರದ ಮೀನು ಇಡುಗಂಟು, ವರ್ಷ ವರ್ಷ ಹುಟ್ಟುವ ಮರಿ ಬಡ್ಡಿ, ಬಡ್ಡಿ ತಿನ್ನು, ಗಂಟು ಕರಗಿಸಬೇಡ. ಮಕ್ಕಳಿಗೆ ಥಟ್ಟನೆ ತಿಳಿಯಿತು. ಆದರೆ ಇದು ವಿವರಣೆ, ಶೀರ್ಷಿಕೆಗೆ ಕೂರುವ ಪದವಲ್ಲ.

ಇದರ ಜೊತೆಗೆ ಇನ್ನೊಂದು ಅನುಮಾನ, ‘ಪರಿಸರ ಶಿಕ್ಷಣ’ದ ಬಗ್ಗೆ. ಇದು ಪರಿಸರದ ಬಗ್ಗೆ ಶಿಕ್ಷಣವೋ, ಪರಿಸರದಲ್ಲಿ ಕೂತು ಕಲಿಯುವುದೋ, ಪರಿಸರಕ್ಕಾಗಿ ಕಲಿಯುವುದೋ? ಈ ಕ್ಷೇತ್ರದವರು ಮೂರನ್ನೂ ಬೇರೆ ಬೇರೆ ಇಟ್ಟು ಮಾತಾಡುತ್ತಾರೆ. ಸಮಾಸ ಮಾಡಿದ ಕೂಡಲೇ ವಿಭಕ್ತಿ ಬಿದ್ದುಹೋಗಿ, ಕೊನೆಗೆ ಉಳಿಯುವುದು ‘ಬಗ್ಗೆ’ ಒಂದೇ. ಪರಿಸರ ಶಿಕ್ಷಣದ ಬಗ್ಗೆ 1977ರಲ್ಲಿ ಜಾರ್ಜಿಯಾದ ಟಿಬಿಲಿಸಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಘೋಷಣೆಯಲ್ಲಿ ಅರಿವು, ತಿಳಿವಳಿಕೆ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ ಅಂತ ಐದು ಗುರಿಗಳಿದ್ದವು. ನಮ್ಮ ಬಹುಪಾಲು ಪಾಠಗಳು ‘ಅರಿವು ಮೂಡಿಸುವುದು’ ಅನ್ನುವಲ್ಲೇ ನಿಲ್ಲುತ್ತವೆ. ತಪ್ಪು ಪೂರ್ತಿ ಸಮಾಸದ್ದು ಅಂತ ನಾನು ಹೇಳುತ್ತಿಲ್ಲ, ಆದರೂ ಅದರ ಪಾಲೂ ಇದೆ.

ಸರ್ಕಾರಿ ಕಡತದಿಂದ ‘ಸುಸ್ಥಿರ’ವನ್ನು ಕದಲಿಸುವ ಆಸೆ ನನಗಿಲ್ಲ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಗುರಿಗಳು ಕನ್ನಡದಲ್ಲಿ ‘ಸುಸ್ಥಿರ ಅಭಿವೃದ್ಧಿ ಗುರಿಗಳು’ ಎಂದೇ ಊರಿಬಿಟ್ಟಿವೆ. ಪರೀಕ್ಷೆಯಲ್ಲೂ ಮಕ್ಕಳು ಅದನ್ನೇ ಬರೆಯಬೇಕು. ಹಾಗಾಗಿ ಹಾಳೆಯಲ್ಲಿ ಆ ಪದ ಒಂದು ಸಲ ಬರುತ್ತದೆ, ಪಕ್ಕದಲ್ಲೇ ಸಲೀಸಾದ ಇನ್ನೊಂದು ಪದವೂ ಇರಲಿ ಅಂತ.

ನಿಮ್ಮಲ್ಲಿ ನನ್ನ ಪ್ರಶ್ನೆ: ‘ತೀರಿಹೋಗದಂತೆ, ಮುಂದಿನವರಿಗೂ ಉಳಿಯುವಂತೆ ಬಳಸುವ’ ಎಂಬ ಅರ್ಥಕ್ಕೆ ಆಡುಮಾತಿನಲ್ಲಿ ಒಂದೇ ಪದ ಇದೆಯಾ? ಕಾಡಿನ ಸೊಪ್ಪು ತರುವವರು, ಜೇನು ಕೀಳುವವರು ಗೂಡಿನಲ್ಲಿ ಒಂದಷ್ಟು ಬಿಟ್ಟು ಬರುತ್ತಾರಲ್ಲ, ಆ ‘ಬಿಟ್ಟು ಬರೋದಕ್ಕೆ’ ನಿಮ್ಮ ಕಡೆ ಏನಾದರೂ ಹೆಸರಿದ್ದರೆ ತಿಳಿಸಿ. ಸೂಚಿಸುವ ಮೊದಲು ಅದರ ಮುಂದೆ ‘ಮೀನುಗಾರಿಕೆ’ ಸೇರಿಸಿ ಒಮ್ಮೆ ಜೋರಾಗಿ ಓದಿ ನೋಡಿ. ನಾನು ದಡದಲ್ಲಿ ಎಡವಿದ್ದು ಆಯಿತು.